ಗುದನಾಳ ತೆಗೆದ ಮೇಲೆ: ಒಂದು ಆರೈಕೆಯ ಚರಿತ್ರೆ

ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗವೇ ಗುದನಾಳ. ಮಲ ಬಂದು ತಂಗುವ ಜಾಗ ಇದು. ಬಂದದ್ದಕ್ಕೆ ತಕ್ಕಂತೆ ಇದರ ಗೋಡೆ ಹಿಗ್ಗಿ ಎಡೆ ಕೊಡುತ್ತದೆ. ಬಂದದ್ದು ಗಾಳಿಯೋ, ನೀರೋ, ಗಟ್ಟಿಯೋ ಎಂಬುದನ್ನು ಗುದದ್ವಾರದ ಒಳಬದಿಯ ಸೂಕ್ಷ್ಮ ಪದರ ಗುರುತಿಸುತ್ತದೆ. ಸುತ್ತಲಿನ ಬಿಗಿಸ್ನಾಯುಗಳು ಹೊತ್ತು ನೋಡಿ ಹಿಡಿಯುತ್ತವೆ, ಹೊತ್ತು ನೋಡಿ ಬಿಡುತ್ತವೆ. ಕ್ಯಾನ್ಸರ್ ಗಡ್ಡೆಯಿಂದಾಗಿ ಈ ಭಾಗವನ್ನು ತೆಗೆದು, ಮೇಲಿನ ಕರುಳನ್ನು ಕೆಳಕ್ಕೆ ಎಳೆದು ಹೊಲಿದರೆ ದಾರಿ ಮತ್ತೆ ಕೂಡುತ್ತದೆ, ಆದರೆ ತಂಗುದಾಣ ಇಲ್ಲವಾಗುತ್ತದೆ. ದಿನಕ್ಕೆ ಎಂಟು ಹತ್ತು ಸಲ ಹೋಗಬೇಕಾಗುತ್ತದೆ. ಹೋಗಿ ಬಂದು ಕೂರುವಷ್ಟರಲ್ಲಿ ಮತ್ತೆ ಕರೆ ಬರುತ್ತದೆ. ಗಾಳಿ ಎಂದುಕೊಂಡದ್ದು ಬಟ್ಟೆ ಹಾಳುಮಾಡುತ್ತದೆ. ಮರುದಿನ ಏನೂ ಆಗದೆ ಹೊಟ್ಟೆ ಕಟ್ಟಿಕೊಳ್ಳುತ್ತದೆ.

ಗುದನಾಳದ ಕ್ಯಾನ್ಸರನ್ನು ಕತ್ತರಿಸಿ ತೆಗೆಯುವ ಪ್ರಯತ್ನ ಯುರೋಪಿನಲ್ಲಿ 1826ರಷ್ಟು ಹಿಂದಿನದು. ಕತ್ತರಿಸಿದ ನಂತರದ ಈ ತೊಂದರೆಗಳನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಗೆ ಬಂದ ಪ್ರಶ್ನಾವಳಿ ಪ್ರಕಟವಾದದ್ದು 2012ರಲ್ಲಿ. ನಡುವಿನ 186 ವರ್ಷ ಶಸ್ತ್ರವೈದ್ಯರು ಮುಖ್ಯವಾಗಿ ಎಣಿಸಿದ್ದು ಎಷ್ಟು ಮಂದಿ ಬದುಕುಳಿದರು, ಎಷ್ಟು ಮಂದಿಗೆ ಗಡ್ಡೆ ಮರಳಿ ಬಂತು ಎಂಬುದನ್ನು. ಉಳಿದವರು ಹೇಗೆ ಬದುಕಿದರು ಎಂಬುದನ್ನು ನೋಡಿಕೊಂಡವರು ರೋಗಿಗಳು, ಅವರ ಮನೆಯವರು ಮತ್ತು ನರ್ಸುಗಳು. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಬಯಲುಸೀಮೆಯ ಊರಿನಲ್ಲಿ ಈ ಹೊರೆ ಇಂದಿಗೂ ಬಹುಪಾಲು ಮನೆಯವರ ಮೇಲೆಯೇ ಇದೆ. ಹಾಗಾಗಿ ಈ ಚರಿತ್ರೆಯನ್ನು ಆಸ್ಪತ್ರೆಯಿಂದ ಎಷ್ಟು ನೋಡಬೇಕೋ ಅಷ್ಟೇ ಅಡುಗೆಮನೆ ಮತ್ತು ಬಚ್ಚಲಿನ ಕಡೆಯಿಂದಲೂ ನೋಡಬೇಕು.

ಗುದದ ಶಸ್ತ್ರಚಿಕಿತ್ಸೆಯಿಂದ ಮಲದ ಹಿಡಿತ ತಪ್ಪಬಹುದು ಎಂಬ ಎಚ್ಚರ ಭಾರತೀಯ ವೈದ್ಯಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆ ಗುದವನ್ನು ಪೆಟ್ಟು ಬಿದ್ದರೆ ಕೂಡಲೇ ಪ್ರಾಣ ತೆಗೆಯುವ ಮರ್ಮಗಳ ಸಾಲಿನಲ್ಲಿ ಇರಿಸುತ್ತದೆ. ಅದರ ಉದ್ದ ನಾಲ್ಕೂವರೆ ಅಂಗುಲವೆಂದೂ, ಒಳಗೆ ಪ್ರವಾಹಣಿ, ವಿಸರ್ಜನಿ, ಸಂವರಣಿ ಎಂಬ ಮೂರು ವಲಿಗಳು (ಮಡಿಕೆಗಳು) ಇವೆಯೆಂದೂ ಹೇಳುತ್ತದೆ. ನೂಕುವುದು, ಬಿಡುವುದು, ಮುಚ್ಚುವುದು ಎಂಬ ಮೂರು ಕೆಲಸಗಳನ್ನು ಬೇರೆಬೇರೆಯಾಗಿ ಕಂಡ ದೃಷ್ಟಿ ಇದು. ಭಗಂದರದ (ಫಿಸ್ತುಲಾ) ಚಿಕಿತ್ಸೆಯ ಅಧ್ಯಾಯ ಇನ್ನೂ ನೇರವಾಗಿದೆ. ಹಲವು ಬಾಯಿಗಳಿರುವ ಭಗಂದರವನ್ನು ಒಂದೇ ಸೀಳಿನಲ್ಲಿ ಕೂಡಿಸಿ ಕೊಯ್ಯಬಾರದು. ಕೊಯ್ದರೆ ಅಗಲವಾದ ಆ ದಾರಿಯಲ್ಲಿ ಮಲಮೂತ್ರ ಹರಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಗುದದಲ್ಲಿ ಶೂಲೆ ಹುಟ್ಟುತ್ತದೆ ಎಂದು ಅದು ಎಚ್ಚರಿಸುತ್ತದೆ. ಕೊಯ್ಯುವ ಬಗೆಗಳಿಗೆ ಲಾಂಗಲಕ, ಅರ್ಧಲಾಂಗಲಕ, ಸರ್ವತೋಭದ್ರಕ, ಗೋತೀರ್ಥಕ ಎಂಬ ಹೆಸರುಗಳನ್ನೂ ಕೊಡುತ್ತದೆ. ಮೂಲವ್ಯಾಧಿಗೆ ಕ್ಷಾರ ಹಚ್ಚಿದ ಮೇಲೆ ರೋಗಿಯನ್ನು ಬಿಸಿನೀರಿನಲ್ಲಿ ಕೂರಿಸುವ ಕ್ರಮವೂ ಅಲ್ಲೇ ಇದೆ. ಇಂದು ಯಾವ ಆಸ್ಪತ್ರೆಯಲ್ಲಿ ಗುದದ ಆಪರೇಷನ್ ಆದರೂ ‘ದಿನಾ ಎರಡು ಮೂರು ಸಲ ಟಬ್ಬಿನಲ್ಲಿ ಬಿಸಿನೀರು ಹಾಕಿ ಕೂರಿ’ ಎಂಬ ಸಲಹೆ ತಪ್ಪುವುದಿಲ್ಲ. ಚರಕ ಸಂಹಿತೆ ಅರ್ಶಸ್ಸಿನ (ಮೂಲವ್ಯಾಧಿಯ) ಅಧ್ಯಾಯದಲ್ಲಿ ಮಜ್ಜಿಗೆಯನ್ನು ವಿಶೇಷವಾಗಿ ಹೊಗಳುತ್ತದೆ. ಗುದದ ಮೂಲಕ ಔಷಧ ಕೊಡುವ ಬಸ್ತಿ ಚಿಕಿತ್ಸೆಯನ್ನೂ ವಿಸ್ತಾರವಾಗಿ ವಿವರಿಸುತ್ತದೆ. ಆದರೆ ಇವೆಲ್ಲ ಮೂಲವ್ಯಾಧಿ, ಭಗಂದರಗಳ ಮಟ್ಟಿನ ಮಾತು. ಹೊಟ್ಟೆ ತೆರೆದು ಗುದನಾಳವನ್ನೇ ತೆಗೆಯುವುದು ಅರಿವಳಿಕೆ ಮತ್ತು ಸೋಂಕುನಿವಾರಣೆ ಬರುವ ತನಕ ಎಲ್ಲಿಯೂ ಸಾಧ್ಯವಿರಲಿಲ್ಲ.

1826ರಲ್ಲಿ ಪ್ಯಾರಿಸ್ಸಿನ ಜಾಕ್ ಲಿಸ್‌ಫ್ರಾಂಕ್ ಕೆಳಗಿನಿಂದಲೇ ಕೈ ಹಾಕಿ ಗಡ್ಡೆ ತೆಗೆದರು. 1885ರಲ್ಲಿ ಜರ್ಮನಿಯ ಪಾಲ್ ಕ್ರಾಸ್ಕೆ ಬೆನ್ನೆಲುಬಿನ ಬುಡದ ಕಡೆಯಿಂದ ದಾರಿ ಮಾಡಿದರು. ಗಡ್ಡೆ ಮರಳಿ ಬರುವುದು ನಿಲ್ಲಲಿಲ್ಲ. ಲಂಡನ್ನಿನ ವಿಲಿಯಂ ಅರ್ನೆಸ್ಟ್ ಮೈಲ್ಸ್ ತಾವೇ ಕೆಳಗಿನಿಂದ ಆಪರೇಷನ್ ಮಾಡಿದ 57 ರೋಗಿಗಳ ಲೆಕ್ಕ ತೆಗೆದಾಗ 54 ಮಂದಿಯಲ್ಲಿ ರೋಗ ಮರಳಿತ್ತು. ಅವರು 1908ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಒಟ್ಟಿಗೆ ಬಿಡಿಸಿ, ಗುದನಾಳ, ಗುದದ್ವಾರ, ಸುತ್ತಲಿನ ಕೊಬ್ಬು ಮತ್ತು ದುಗ್ಧಗ್ರಂಥಿಗಳನ್ನು ತೆಗೆದು, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಶಾಶ್ವತವಾಗಿ ತೆರೆಯಲಾಗುತ್ತಿತ್ತು. ಮುಂದಿನ ನಾಲ್ಕು ದಶಕ ಇದೇ ಮುಖ್ಯ ಚಿಕಿತ್ಸೆ. ಜೀವ ಉಳಿಸುವ ದಾರಿ ಸಿಕ್ಕಿತು. ಹೊಟ್ಟೆಯ ಮೇಲಿನ ಆ ಬಾಯಿಗೆ ಏನು ಕಟ್ಟಿಕೊಳ್ಳಬೇಕು ಎಂಬುದಕ್ಕೆ ಮಾತ್ರ ಸರಿಯಾದ ಉತ್ತರ ಇರಲಿಲ್ಲ.

ಕರುಳನ್ನು ಹೊಟ್ಟೆಯ ಮೇಲೆ ತೆರೆಯುವ ಉಪಾಯ ಅದಕ್ಕಿಂತ ಹಳೆಯದು. 1793ರಲ್ಲಿ ಫ್ರಾನ್ಸಿನ ದ್ಯುರೆ ಎಂಬ ವೈದ್ಯರು ಗುದದ್ವಾರವಿಲ್ಲದೆ ಹುಟ್ಟಿದ ಮಗುವಿಗೆ ಹೀಗೆ ದಾರಿ ಮಾಡಿದ್ದರು. ಆ ಮಗು ಬೆಳೆದು 45 ವರ್ಷ ಬದುಕಿತು. ಆಗಿನಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಬಳಕೆಯಲ್ಲಿದ್ದವು ಬಟ್ಟೆಯ ಪಟ್ಟಿ, ಹತ್ತಿ, ಲೋಹದ ಡಬ್ಬಿ, ರಬ್ಬರಿನ ಚೀಲ. ವಾಸನೆ ತಡೆಯುತ್ತಿರಲಿಲ್ಲ, ಸುತ್ತಲಿನ ಚರ್ಮ ಬೆಂದಂತಾಗುತ್ತಿತ್ತು. ಇದನ್ನು ಬದಲಿಸಿದವರು ಡೆನ್ಮಾರ್ಕಿನ ನರ್ಸ್ ಎಲಿಸ್ ಸೋರೆನ್‌ಸೆನ್. ಅವರ ತಂಗಿ ಥೋರಾ ಆಪರೇಷನ್ ಆದ ಮೇಲೆ ಸೋರುತ್ತದೆಂಬ ಅಂಜಿಕೆಯಿಂದ ಮನೆ ಬಿಟ್ಟು ಹೊರಡದಾದಳು. ಅದನ್ನು ಕಂಡ ಎಲಿಸ್ 1954ರಲ್ಲಿ ಚರ್ಮಕ್ಕೆ ನೇರವಾಗಿ ಅಂಟುವ, ಬಳಸಿ ಎಸೆಯಬಹುದಾದ ಪ್ಲಾಸ್ಟಿಕ್ ಚೀಲದ ಕಲ್ಪನೆ ಮಾಡಿದರು. ಆಗೆ ಲೂಯಿಸ್-ಹ್ಯಾನ್ಸನ್ ಎಂಬ ತಯಾರಕರು ಅದನ್ನು ಮಾಡಿಕೊಟ್ಟರು. 1957ರಲ್ಲಿ ಕೋಲೋಪ್ಲಾಸ್ಟ್ ಕಂಪನಿ ಹುಟ್ಟಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ಸ್ವತಃ ಸ್ಟೋಮಾ, ಅಂದರೆ ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ, ಇದ್ದ ನಾರ್ಮಾ ಗಿಲ್ ಅವರನ್ನು 1958ರಲ್ಲಿ ಆಸ್ಪತ್ರೆಯ ಕೆಲಸಕ್ಕೆ ಸೇರಿಸಿಕೊಂಡರು. ಇಂಥ ರೋಗಿಗಳಿಗೆ ಕಲಿಸುವವರನ್ನು ತಯಾರು ಮಾಡುವ ಶಾಲೆ 1961ರಲ್ಲಿ ಅಲ್ಲಿ ಶುರುವಾಯಿತು. ಇಡೀ ಚರಿತ್ರೆಯಲ್ಲಿ ಇದು ಬಹಳ ದೊಡ್ಡ ತಿರುವು. ಆರೈಕೆಯ ವಿದ್ಯೆಯನ್ನು ರೋಗಿಯೇ ಗುರುವಾಗಿ ಕಲಿಸಿದ ಪ್ರಸಂಗಗಳು ವೈದ್ಯಕೀಯದಲ್ಲಿ ಹೆಚ್ಚಿಲ್ಲ.

ಕರ್ನಾಟಕಕ್ಕೆ ಈ ವಿದ್ಯೆ ತಡವಾಗಿ ತಲುಪಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಲಾರ್ಡ್ ಕರ್ಜನ್ನರಿಂದ ಉದ್ಘಾಟನೆಯಾಯಿತು. ಮೈಸೂರು ಸಂಸ್ಥಾನದ ದೊಡ್ಡ ಆಪರೇಷನ್ನುಗಳು ನಡೆಯುತ್ತಿದ್ದುದು ಅಂಥ ಕೆಲವೇ ಆಸ್ಪತ್ರೆಗಳಲ್ಲಿ. ಕ್ಯಾನ್ಸರಿಗೆಂದೇ ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆಯಿತು. ಕರ್ನಾಟಕದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಹಳ್ಳಿಗಳಲ್ಲಿ ಅದರ ಹೆಸರೇ ರೋಗದ ಹೆಸರಿಗೆ ಬದಲಾಗಿ ಬಳಕೆಯಾಯಿತು. ‘ಅವರನ್ನ ಕಿದ್ವಾಯಿಗೆ ಹಾಕವ್ರೆ’ ಎಂದರೆ ಮುಂದೆ ಏನೂ ಕೇಳಬೇಕಾಗಿರಲಿಲ್ಲ. ರೇಡಿಯೇಶನ್ನಿಗೆ ‘ಕರೆಂಟ್ ಕೊಡಿಸುವುದು’ ಎಂಬ ಮಾತು ಬಂದದ್ದೂ ಇಂಥ ವಾರ್ಡುಗಳಿಂದಲೇ.

ಹಿರಿಯೂರು ಸೀಮೆಯಿಂದ ಅಲ್ಲಿಗೆ ಹೋಗುವವರ ದಾರಿ ಶಿರಾ, ತುಮಕೂರು ಮೇಲಿನ ಬಸ್ಸು. ಹೆಚ್ಚಿನವರು ತಡವಾಗಿ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಮಲದಲ್ಲಿ ರಕ್ತ ಕಂಡರೆ ಅದು ಮೂಲವ್ಯಾಧಿಯೇ ಎಂಬ ನಂಬಿಕೆ ಬಲವಾಗಿದೆ. ಊರ ಔಷಧಿ, ‘ಪೈಲ್ಸ್–ಫಿಸ್ತುಲಾ’ ಎಂದು ಬೋರ್ಡು ಹಾಕಿದ ಕೋಣೆಗಳು, ತಿಂಗಳುಗಟ್ಟಲೆ ಮುಲಾಮು ಎಲ್ಲ ಆದ ಮೇಲೆ ದೊಡ್ಡಾಸ್ಪತ್ರೆ. ಗಡ್ಡೆ ಕೆಳಭಾಗದಲ್ಲಿದ್ದರೆ ವೈದ್ಯರು ಒಂದು ಬೆರಳು ಹಾಕಿ ನೋಡಿದರೂ ಸಿಗುತ್ತದೆ. ಆ ಒಂದು ನಿಮಿಷದ ಪರೀಕ್ಷೆಗೆ ಇರುವ ನಾಚಿಕೆ ಎಷ್ಟೋ ಜನರಿಗೆ ಗುದದ್ವಾರವನ್ನು ಉಳಿಸಿಕೊಳ್ಳುವ ಅವಕಾಶವನ್ನು ತಪ್ಪಿಸಿದೆ. ಪಾಶ್ಚಾತ್ಯ ದೇಶಗಳಿಗಿಂತ ಭಾರತದಲ್ಲಿ ಈ ರೋಗ ಕಡಿಮೆ. ಆದರೆ ಬಂದವರಲ್ಲಿ ಚಿಕ್ಕ ವಯಸ್ಸಿನವರು ಹೆಚ್ಚು, ಗಡ್ಡೆ ತೀರ ಕೆಳಗಿರುವವರೂ ಹೆಚ್ಚು. ದುಡಿಯುವ ವಯಸ್ಸಿನಲ್ಲೇ ಶಾಶ್ವತ ಚೀಲ ಹೊತ್ತವರ ಸಂಖ್ಯೆ ಇಲ್ಲಿ ದೊಡ್ಡದಾಗಿರುವುದು ಇದರಿಂದಲೇ.

ಚೀಲ ತಪ್ಪಿಸುವ ಪ್ರಯತ್ನದ ಕಥೆ ಬೇರೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಕ್ಲಾಡ್ ಡಿಕ್ಸನ್, ಮೇಲ್ಭಾಗದ ಗಡ್ಡೆಗಳಿಗೆ ಬಿಗಿಸ್ನಾಯು ಉಳಿಸಿ ಕರುಳನ್ನು ಮತ್ತೆ ಜೋಡಿಸಿದರೂ ರೋಗಿಗಳು ಚೆನ್ನಾಗಿ ಬದುಕುತ್ತಾರೆಂದು ತೋರಿಸಿದರು. ಸೋವಿಯತ್ ಒಕ್ಕೂಟದಲ್ಲಿ ಬೆಳೆದ ಸ್ಟೇಪ್ಲರ್ ವಿದ್ಯೆಯನ್ನು 1958ರಲ್ಲಿ ಅಲ್ಲಿಗೆ ಹೋಗಿದ್ದ ಅಮೆರಿಕದ ಮಾರ್ಕ್ ರಾವಿಚ್ ತಮ್ಮ ದೇಶಕ್ಕೆ ತಂದರು. ದುಂಡನೆಯ ಸ್ಟೇಪ್ಲರ್ ಬಂದ ಮೇಲೆ ಕೈ ಹೊಲಿಗೆಗೆ ಎಟುಕದಷ್ಟು ಕೆಳಗೂ ಜೋಡಿಸುವುದು ಸುಲಭವಾಯಿತು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕಿನ ಬಿಲ್ ಹೀಲ್ಡ್ 1982ರಲ್ಲಿ, ಗುದನಾಳದ ಸುತ್ತಲಿನ ಕೊಬ್ಬಿನ ಹೊದಿಕೆಯನ್ನು ಹರಿಯದಂತೆ ಇಡಿಯಾಗಿ ಬಿಡಿಸುವ ಕ್ರಮವನ್ನು ಮಂಡಿಸಿದರು. ರೋಗ ಮರಳುವುದು ಗಣನೀಯವಾಗಿ ತಗ್ಗಿತು, ಮೂತ್ರ ಮತ್ತು ಲೈಂಗಿಕ ಶಕ್ತಿಗೆ ಸಂಬಂಧಿಸಿದ ನರಗಳನ್ನು ಕಂಡು ಉಳಿಸುವುದೂ ಸಾಧ್ಯವಾಯಿತು. 1997ರಲ್ಲಿ ಸ್ವೀಡನ್ನಿನ ದೊಡ್ಡ ಅಧ್ಯಯನವೊಂದು ಆಪರೇಷನ್ನಿಗೆ ಮುಂಚೆ ಐದು ದಿನ ರೇಡಿಯೇಶನ್ ಕೊಟ್ಟರೆ ಲಾಭವಿದೆ ಎಂದಿತು. ಈ ಹೆಜ್ಜೆಗಳೆಲ್ಲ ಸೇರಿ ಶಾಶ್ವತ ಚೀಲವಿಲ್ಲದೆ ಗುಣವಾಗುವವರನ್ನು ಹೆಚ್ಚಿಸಿದವು.

ಹೆಚ್ಚಾದವರ ಜೊತೆಗೆ ಹೊಸ ತೊಂದರೆಯೂ ಹೆಚ್ಚಿತು. ಜೋಡಣೆ ಕೆಳಗೆ ಹೋದಷ್ಟೂ ಉಳಿದ ತಂಗುದಾಣ ಕಿರಿದು. ರೇಡಿಯೇಶನ್ ಸಿಕ್ಕ ಅಂಗಾಂಶ ಗಡಸಾಗಿ ಹಿಗ್ಗುವುದಿಲ್ಲ. ಸ್ಟೇಪ್ಲರ್ ಹಾಕುವಾಗ ಸ್ನಾಯು ಹಿಗ್ಗಿ ಸಡಿಲವಾಗಬಹುದು. ಕೆಳಗೆಳೆದ ಕರುಳಿಗೆ ತನ್ನದೇ ಲಯ. ಹಳೆಯ ಗುದನಾಳದ ಸಂಯಮ ಅದಕ್ಕಿಲ್ಲ. 1986ರಲ್ಲಿ ಫ್ರಾನ್ಸಿನ ಎರಡು ತಂಡಗಳು ಕರುಳಿನ ತುದಿಯನ್ನು ಮಡಚಿ ಸಣ್ಣ ಸಂಚಿ ಮಾಡಿ ಜೋಡಿಸಿದವು. ಮೊದಲ ವರ್ಷ ಅದು ಉಪಕಾರಿ. ಕಾಲ ಕಳೆದಂತೆ ಸಂಚಿ ಇದ್ದವರಿಗೂ ಇಲ್ಲದವರಿಗೂ ಅಂತರ ಕಿರಿದಾಗುತ್ತದೆ. ಹೊರರೋಗಿ ವಿಭಾಗದ ಗದ್ದಲದಲ್ಲಿ ‘ಹೇಗಿದ್ದೀರಿ?’ ಎಂದರೆ ರೋಗಿ ‘ಪರವಾಗಿಲ್ಲ ಸಾರ್’ ಎನ್ನುತ್ತಾನೆ. ವೈದ್ಯರು ಸ್ಕ್ಯಾನ್ ವರದಿ ನೋಡಿ ಸಮಾಧಾನಪಡುತ್ತಾರೆ. ಹೀಗೆ ಎರಡು ದಶಕಕ್ಕೂ ಹೆಚ್ಚು ಕಾಲ ತೊಂದರೆ ದಾಖಲೆಯಿಂದ ಹೊರಗೇ ಉಳಿಯಿತು.

2012ರಲ್ಲಿ ಡೆನ್ಮಾರ್ಕಿನ ಎಮರ್ಟ್‌ಸೆನ್ ಮತ್ತು ಲಾರ್‌ಬರ್ಗ್ ಐದೇ ಪ್ರಶ್ನೆಗಳ ‘ಲಾರ್ಸ್’ ಅಂಕಪಟ್ಟಿ ಪ್ರಕಟಿಸಿದರು; ಗುದನಾಳ ತೆಗೆದ ನಂತರದ ಈ ತೊಂದರೆಗಳ ಗುಂಪಿಗೇ ಲಾರ್ಸ್ ಎಂದು ಹೆಸರು. ಗಾಳಿ ತಡೆಯಲಾಗದಿರುವುದಕ್ಕೆ ಗರಿಷ್ಠ 7 ಅಂಕ, ನೀರುಮಲ ಸೋರುವುದಕ್ಕೆ 3, ದಿನಕ್ಕೆ ಎಷ್ಟು ಸಲ ಎಂಬುದಕ್ಕೆ 5, ಒಂದು ತಾಸಿನೊಳಗೆ ಮತ್ತೆ ಹೋಗಬೇಕಾಗುವುದಕ್ಕೆ 11, ಓಡಬೇಕಾದಷ್ಟು ಅವಸರಕ್ಕೆ 16. ಒಟ್ಟು 42, ಅದರಲ್ಲಿ 30 ಅಥವಾ ಹೆಚ್ಚು ಬಂದರೆ ತೀವ್ರ. ಅಂಕಗಳ ಈ ಹಂಚಿಕೆಯೇ ಗಮನಿಸಬೇಕಾದ್ದು. ಹೊರಗಿನವರಿಗೆ ಸೋರುವುದೇ ದೊಡ್ಡ ಕಷ್ಟವೆಂದು ಕಾಣುತ್ತದೆ. ರೋಗಿಗಳ ಬದುಕನ್ನು ಹೆಚ್ಚು ಕೆಡಿಸುತ್ತಿದ್ದದ್ದು ಅವಸರ ಮತ್ತು ಮತ್ತೆ ಮತ್ತೆ ಬರುವ ಕರೆ. ದಿನಕ್ಕೆ ಏಳಕ್ಕಿಂತ ಹೆಚ್ಚು ಸಲ ಹೋಗುವವರಿಗೆ 4 ಅಂಕವಿದ್ದರೆ, ದಿನಕ್ಕೊಮ್ಮೆಯೂ ಆಗದವರಿಗೆ 5 ಅಂಕವಿದೆ. 2020ರಲ್ಲಿ ಹಲವು ದೇಶಗಳ ರೋಗಿಗಳು, ವೈದ್ಯರು, ನರ್ಸುಗಳು ಸೇರಿ ಒಪ್ಪಿದ ವ್ಯಾಖ್ಯೆ ರೋಗಲಕ್ಷಣಗಳ ಜೊತೆಗೆ ಅವುಗಳ ಪರಿಣಾಮವನ್ನೂ ಲೆಕ್ಕಕ್ಕೆ ತಂದಿತು: ಸದಾ ಕಕ್ಕಸಿನ ಚಿಂತೆ, ಮನಸ್ಸಿನ ಕುಗ್ಗು, ಕೆಲಸ, ಓಡಾಟ, ದಾಂಪತ್ಯ.

ಬಯಲುಸೀಮೆಯ ಹಳ್ಳಿಯಲ್ಲಿ ಕಕ್ಕಸಿನ ಚಿಂತೆ ಎಂದರೆ ಅಕ್ಷರಶಃ ಕಕ್ಕಸೇ ಇಲ್ಲದ ಚಿಂತೆಯಾಗಿತ್ತು. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಗ್ರಾಮೀಣ ಮನೆಗಳಲ್ಲಿ ಮೂರನೇ ಒಂದಕ್ಕಿಂತ ಕಡಿಮೆ ಮನೆಗಳ ಆವರಣದಲ್ಲಿ ಶೌಚಾಲಯವಿತ್ತು. ಉಳಿದವರು ಚೊಂಬು ಹಿಡಿದು ಬಯಲ ಕಡೆ ಹೋಗುತ್ತಿದ್ದರು. ಹೆಂಗಸರು ನಸುಕಿನಲ್ಲಿ ಅಥವಾ ಕತ್ತಲಾದ ಮೇಲೆ. ದಿನಕ್ಕೆ ಒಂದೋ ಎರಡೋ ಸಲ, ಅದೂ ಹೊತ್ತು ಗೊತ್ತಾದ ದೇಹಕ್ಕೆ ಒಗ್ಗಿದ ಪದ್ಧತಿ ಅದು. ಗುದನಾಳವಿಲ್ಲದ ದೇಹಕ್ಕೆ ಅದು ಒಗ್ಗುವುದಿಲ್ಲ. ಹಗಲು ಹನ್ನೊಂದಕ್ಕೆ ಅವಸರವಾದ ಹೆಂಗಸು ಎಲ್ಲಿಗೆ ಹೋಗಬೇಕು? ಊಟ ಬಿಡುವುದೇ ಅವಳಿಗೆ ತೋಚುವ ಮದ್ದು. ಹೊರಗೆ ಹೋಗುವ ದಿನ ಬೆಳಗಿನಿಂದ ಏನೂ ತಿನ್ನದಿರುವುದು, ಮದುವೆ ಜಾತ್ರೆಗಳಿಗೆ ಹೋಗದಿರುವುದು, ಕೂಲಿಗೆ ಹೋದರೂ ಪೊದೆ ಇರುವ ಹೊಲ ನೋಡಿ ಹೋಗುವುದು ಎಂಬ ಉಪಾಯಗಳನ್ನು ಯಾವ ಪುಸ್ತಕವೂ ಕಲಿಸಿದ್ದಲ್ಲ. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಕಟ್ಟಿದ ಶೌಚಾಲಯಗಳನ್ನು ರೋಗ ಹರಡುವಿಕೆ ಮತ್ತು ಮಾನದ ದೃಷ್ಟಿಯಿಂದಲೇ ಚರ್ಚಿಸಲಾಯಿತು. ಕರುಳಿನ ಆಪರೇಷನ್ ಆದವರ ಪಾಲಿಗೆ ಅವು ಔಷಧಿಯಷ್ಟೇ ದೊಡ್ಡ ಉಪಕಾರ. ನೀರಿದ್ದರೆ ಮಾತ್ರ. ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲೇ ಮುಗಿದರೂ ಹಿರಿಯೂರು ತಾಲ್ಲೂಕಿನ ಎಲ್ಲ ಭಾಗಕ್ಕೂ ಅದರ ಕಾಲುವೆ ಇಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ದಿನಕ್ಕೆ ಹತ್ತು ಸಲ ತೊಳೆಯಲು ನೀರು ಹೊರುವವರು ಮನೆಯ ಹೆಂಗಸರೇ.

ಕೆಳಗಿನ ಜೋಡಣೆ ಮಾಯುವ ತನಕ ಅದಕ್ಕೆ ಒತ್ತಡ ಬೀಳದಂತೆ ಸಣ್ಣ ಕರುಳನ್ನು ಕೆಲವು ತಿಂಗಳು ಹೊಟ್ಟೆಯ ಮೇಲೆ ತೆರೆಯುವುದು ಈಗ ರೂಢಿ. ಈ ಬಾಯಿಂದ ಬರುವುದು ನೀರಿನಂಥ ಮಲ; ಅದರೊಡನೆ ಉಪ್ಪೂ ಹೋಗುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೆವರೂ ಸೇರಿದರೆ ಬಾಯಿ ಒಣಗಿ, ಮೂತ್ರ ಕಡಿಮೆಯಾಗಿ, ಕಾಲು ಸೆಳೆತ ಬಂದು ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಬರೀ ನೀರು ಕುಡಿದಷ್ಟೂ ಹೊರಹೋಗುವುದು ಹೆಚ್ಚುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ಸಾವಿರಾರು ಜೀವ ಉಳಿಸಿದ ಅದೇ ಉಪ್ಪು–ಸಕ್ಕರೆಯ ನೀರು, ಓಆರ್‌ಎಸ್. ಉಪ್ಪು ಹಾಕಿದ ಅನ್ನದ ಗಂಜಿ ಮತ್ತು ಮಜ್ಜಿಗೆಯೂ ನೆರವಾಗುತ್ತವೆ. ಬೆವರಿಗೆ ಚೀಲದ ಅಂಟು ಬಿಡುವುದು ಇನ್ನೊಂದು ಕಾಟ; ಬಾಯಿಯ ಅಳತೆಗೆ ಸರಿಯಾಗಿ ಕತ್ತರಿಸಿ, ಚರ್ಮವನ್ನು ಒಣಗಿಸಿ, ಕೈಯ ಬಿಸುಪಿನಿಂದ ಒತ್ತಿ ಅಂಟಿಸಿದರೆ ಹೆಚ್ಚು ದಿನ ನಿಲ್ಲುತ್ತದೆ. ಇದನ್ನು ಕಲಿಸಿಕೊಡುವ ಸ್ಟೋಮಾ ನರ್ಸುಗಳು ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಮಾತ್ರ ಇರುವುದರಿಂದ, ಬಿಡುಗಡೆಯ ದಿನ ಒಂದೇ ಸಲ ನೋಡಿದ್ದನ್ನು ಹೆಂಡತಿಯೋ ಮಗಳೋ ನೆನಪಿಟ್ಟುಕೊಂಡು ಮನೆಯಲ್ಲಿ ಮಾಡಬೇಕಾಗುತ್ತದೆ.

ಆ ತಾತ್ಕಾಲಿಕ ಬಾಯಿ ಮುಚ್ಚಿದ ಮೇಲೆ ಲಾರ್ಸ್ ಶುರುವಾಗುತ್ತದೆ. ಅದರ ನಿರ್ವಹಣೆಯಲ್ಲಿ ಮೊದಲ ಪಾತ್ರ ಊಟದ್ದು. ಈ ಸೀಮೆಯ ಊಟವೆಂದರೆ ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ, ಈರುಳ್ಳಿ, ಕಡ್ಲೆಕಾಯಿ ಚಟ್ನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಮೊದಲ ಕೆಲವು ವಾರ ಕರುಳಿಗೆ ಮೆತ್ತಗಿನ ಅನ್ನ, ಗಂಜಿ, ಮೊಸರು, ಬಾಳೆಹಣ್ಣು ಹಿತ. ಮುದ್ದೆ ಬಿಟ್ಟು ಅನ್ನ ತಿನ್ನುವುದೆಂದರೆ ದುಡಿಯುವವನಿಗೆ ಹೊಟ್ಟೆಯೇ ತುಂಬದ ಅನುಭವ. ‘ಮುದ್ದೆ ತಿನ್ಬೇಡಿ ಅಂದ್ರೆ ಇನ್ನೇನ್ ತಿನ್ನೋದು?’ ಎಂಬ ಪ್ರಶ್ನೆ ಹಟದಿಂದ ಬಂದದ್ದಲ್ಲ. ಶಾಶ್ವತವಾಗಿ ಬಿಡಬೇಕಾಗಿಯೂ ಇಲ್ಲ. ತೆಳ್ಳಗಿನ ರಾಗಿ ಗಂಜಿಯಿಂದ ಶುರುಮಾಡಿ, ವಾರಕ್ಕೊಂದು ಪದಾರ್ಥ ಸೇರಿಸುತ್ತ, ಯಾವುದು ಒಗ್ಗಿತು ಯಾವುದು ಕೆರಳಿಸಿತು ಎಂದು ಬರೆದಿಟ್ಟುಕೊಂಡರೆ ಎಷ್ಟೋ ಮಂದಿ ಮುದ್ದೆಗೆ ಮರಳುತ್ತಾರೆ. ಹುರುಳಿ, ಈರುಳ್ಳಿ, ಹಸಿಮೆಣಸಿನ ಖಾರ, ಬರಿಹೊಟ್ಟೆಯ ಕಾಫಿ ಟೀ ಬಹಳ ಮಂದಿಗೆ ಒಗ್ಗುವುದಿಲ್ಲ. ರಾತ್ರಿಯ ಊಟ ಬೇಗ ಮುಗಿಸಿದರೆ ನಿದ್ದೆಗೆಡುವುದು ತಗ್ಗುತ್ತದೆ.

ಔಷಧಿಗಳಲ್ಲಿ ಎರಡು ಮುಖ್ಯ. ಒಂದು ಇಸಬ್‌ಗೋಲ್. ಮಲಬದ್ಧತೆಯ ಮದ್ದೆಂದು ಹೆಸರಾದ ಇದನ್ನು ಕಡಿಮೆ ನೀರಿನಲ್ಲಿ ಕಲಸಿ ಊಟದ ಜೊತೆ ಕೊಟ್ಟರೆ ನೀರುಮಲ ಹಿಡಿದುಕೊಂಡು ಗಟ್ಟಿಯಾಗಿ, ಚೂರು ಚೂರಾಗಿ ಬರುವುದು ತಪ್ಪುತ್ತದೆ. ಇನ್ನೊಂದು ಬೆಲ್ಜಿಯಂನ ಜಾನ್ಸೆನ್ ಪ್ರಯೋಗಾಲಯದಲ್ಲಿ 1969ರಲ್ಲಿ ತಯಾರಾದ ಲೋಪೆರಮೈಡ್. ಭೇದಿ ಆದ ಮೇಲೆ ನುಂಗುವ ಮಾತ್ರೆಯೆಂದೇ ಜನರಿಗೆ ಗೊತ್ತು. ಇಲ್ಲಿ ಊಟಕ್ಕೆ ಅರ್ಧ ಗಂಟೆ ಮುಂಚೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಊಟದ ಬೆನ್ನಲ್ಲೇ ಬರುವ ಅವಸರ ತಗ್ಗುತ್ತದೆ. ಬಸ್ಸಿನ ಪ್ರಯಾಣದ ದಿನ ಅದರ ಬೆಲೆ ತಿಳಿಯುತ್ತದೆ. ಮೂರನೆಯದು ಔಷಧವಲ್ಲ, ವ್ಯಾಯಾಮ. ಡಿಕ್ಸನ್ ತಮ್ಮ ಆಪರೇಷನ್ ಬಗ್ಗೆ ಬರೆದ 1948ರಲ್ಲೇ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಹೆರಿಗೆಯಾದವರಿಗೆ ಕಟಿತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸ ಹೇಳಿದ್ದರು. ಗುದನಾಳದ ರೋಗಿಗಳಿಗೆ ಅದನ್ನೇ ಕಲಿಸಲು ದಶಕಗಳು ಹಿಡಿದವು. ಯೋಗದ ಅಶ್ವಿನೀ ಮುದ್ರೆ, ಮೂಲಬಂಧ ಬಲ್ಲವರಿಗೆ ಇದು ಅಪರಿಚಿತ ಚಲನೆಯಲ್ಲ. ಇಷ್ಟಕ್ಕೂ ಬಗ್ಗದ ತೊಂದರೆಗೆ, ದಿನಕ್ಕೋ ಎರಡು ದಿನಕ್ಕೋ ಒಮ್ಮೆ ಗುದದ ಮೂಲಕ ಉಗುರುಬೆಚ್ಚಗಿನ ನೀರು ಹಾಯಿಸಿ ಕರುಳನ್ನು ಒಂದೇ ಸಲಕ್ಕೆ ಖಾಲಿ ಮಾಡಿಕೊಳ್ಳುವ ವಿಧಾನವಿದೆ. ಬೆನ್ನುಹುರಿ ಪೆಟ್ಟಾದವರಲ್ಲಿ ಫಲ ಕೊಟ್ಟ ಈ ಕ್ರಮ ಲಾರ್ಸ್‌ಗೂ ಬಂದು, ಹಲವರಿಗೆ ಇಡೀ ಹಗಲನ್ನು ಬಿಡುಗಡೆ ಮಾಡಿಕೊಟ್ಟಿದೆ. ಸೊಂಟದ ನರಗಳಿಗೆ ಸಣ್ಣ ವಿದ್ಯುತ್ ಕೊಡುವ, 1995ರಲ್ಲಿ ಜರ್ಮನಿಯಿಂದ ವರದಿಯಾದ ಚಿಕಿತ್ಸೆ ಬಹಳ ದುಬಾರಿ. ಹಳ್ಳಿಯ ರೋಗಿಗೆ ಸದ್ಯ ಎಟುಕದ್ದು.

ಸರ್ಕಾರದ ನೆರವು ಆಪರೇಷನ್ನಿಗೆ ಬಂದಷ್ಟು ಬೇಗ ಆಮೇಲಿನ ದಿನಗಳಿಗೆ ಬರಲಿಲ್ಲ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2012ರಲ್ಲಿ ಚಿತ್ರದುರ್ಗ ಸೇರಿದ ಬೆಂಗಳೂರು ವಿಭಾಗಕ್ಕೂ ಬಂತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದೊಳಗೆ ಸೇರಿತು. ಬಡ ಕುಟುಂಬಗಳು ಹೊಲ ಮಾರದೆ ಕ್ಯಾನ್ಸರ್ ಆಪರೇಷನ್ ಮಾಡಿಸಿಕೊಳ್ಳುವಂತಾದದ್ದು ಸಣ್ಣ ಮಾತಲ್ಲ. ಆದರೆ ಇಂಥ ಯೋಜನೆಗಳು ಕಟ್ಟಿರುವುದು ಆಸ್ಪತ್ರೆಯ ಚಿಕಿತ್ಸೆಯ ಸುತ್ತ. ತಿಂಗಳು ತಿಂಗಳು ಬೇಕಾಗುವ ಚೀಲ, ಇಸಬ್‌ಗೋಲ್, ವ್ಯಾಯಾಮ ಕಲಿಸುವವರು, ಬಸ್ ಚಾರ್ಜು ಮನೆಯ ಲೆಕ್ಕದಲ್ಲೇ ಉಳಿಯುತ್ತವೆ. ಲಾರ್ಸ್‌ನ ಐದು ಪ್ರಶ್ನೆಗಳನ್ನು ಕೇಳಲು ಯಂತ್ರ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸು ಅಥವಾ ಆಶಾ ಕಾರ್ಯಕರ್ತೆ ಕನ್ನಡದಲ್ಲಿ, ಮನೆಯ ಜಗುಲಿಯಲ್ಲಿ ಕೂತು ಕೇಳಬಹುದಾದ ಪ್ರಶ್ನೆಗಳವು.

ಗುದನಾಳವನ್ನು ತೆಗೆಯದೆಯೇ ಕಾಯುವ ಕ್ರಮ ಈ ಚರಿತ್ರೆಯ ಇತ್ತೀಚಿನ ಅಧ್ಯಾಯ. ಬ್ರೆಜಿಲ್‌ನ ಸಾವೊ ಪೌಲೊದ ಆಂಜೆಲಿಟಾ ಹಬ್ರ್-ಗಾಮಾ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರೇಡಿಯೇಶನ್ ಮತ್ತು ಕೀಮೋ ಪಡೆದ 265 ರೋಗಿಗಳ ಪೈಕಿ 71 ಮಂದಿಯಲ್ಲಿ ಗಡ್ಡೆ ಕಾಣದಂತಾಗಿತ್ತು. ಅವರಿಗೆ ಆಪರೇಷನ್ ಮಾಡದೆ ನಿಗಾ ಇಡಲಾಯಿತು. ಮೊದಲು ಬಲವಾದ ವಿರೋಧ ಎದುರಿಸಿದ ಈ ಕ್ರಮ ಈಗ ಭಾರತದ ದೊಡ್ಡ ಕ್ಯಾನ್ಸರ್ ಕೇಂದ್ರಗಳಲ್ಲೂ ಆಯ್ದ ರೋಗಿಗಳಿಗೆ ಲಭ್ಯ. ಇದರ ಷರತ್ತು ಒಂದೇ: ಮೊದಲ ಎರಡು ಮೂರು ವರ್ಷ, ಕೆಲವು ತಿಂಗಳಿಗೊಮ್ಮೆ ತಪ್ಪದೆ ಬೆರಳಿನ ಪರೀಕ್ಷೆ, ಒಳದರ್ಶನ, ಎಂಆರ್‌ಐ. ಆ ಯಂತ್ರಗಳೂ ಅವನ್ನು ಓದಬಲ್ಲ ಕಣ್ಣುಗಳೂ ಬೆಂಗಳೂರಿನಲ್ಲಿವೆ. ಹರಿಯಬ್ಬೆಯಿಂದ ಹೋಗಿ ಬರಲು ಒಂದಿಡೀ ದಿನ, ಜೊತೆಗೊಬ್ಬರು, ಇಬ್ಬರ ಕೂಲಿ ಬೇಕು. ಇದನ್ನೆಲ್ಲ ಲೆಕ್ಕ ಹಾಕಿದ ಕುಟುಂಬಗಳಲ್ಲಿ ಕೆಲವು ನಿಗಾಕ್ಕಿಂತ ಆಪರೇಷನ್ನನ್ನೇ ಆರಿಸಿಕೊಂಡರೆ ಅದು ತಿಳಿವಳಿಕೆಯ ಕೊರತೆಯಿಂದಲ್ಲ, ದೂರದಿಂದ.